ಕೈ ಮಡಿಲಲ್ಲಿರಲಿ

ಇಡಿಯಾಗಿ ಲಾರಿಗೆ ಕಟ್ಟಿ ಗಾಲಿಯ ಮೇಲೆ ಎಳೆದು ತಂದ ತಗಡು-ಮರದ ಮನೆಯನ್ನು ಮತ್ತೆ ಗಾಲಿಯ ಮೇಲೆ ಬೇರೆಡೆಗೆ ಸಾಗಿಸಲು ಆಗುವ ಖರ್ಚು ಇಷ್ಟು. ಎಳೆದೊಯ್ಯುವ ಲಾರಿ, ಅದರ ಹಿಂದೆ ಮುಂದೆ ದೀಪ ಮಿನುಗಿಸುತ್ತ ಹೋಗುವ ಕಾರು, ರಸ್ತೆಯ ಪರವಾನಗಿ, ಎಲ್ಲ ಸೇರಿ ಆರು ಸಾವಿರದ ಇನ್ನೂರು ಡಾಲರ್. ಮನೆ ಬಂದು ನಿಂತ ವರ್ಷವೇ ಅದರ ಗಾಲಿಗಳನ್ನು ಬಿಚ್ಚಿ ಮಾರಿರುತ್ತಾರೆ, ಹೊಸದಾಗಿ ಹಾಕಿಸಲು ಸಾವಿರದ ನೂರು. ಹೋಗಿ ನಿಲ್ಲುವ ಜಾಗದ ಬಾಡಿಗೆ ಮತ್ತು ಮುಂಗಡ ಸಾವಿರದ ಮುನ್ನೂರು. ಅಲ್ಲಿ ಕರೆಂಟು, ನೀರು, ಗಾಳಿಗೆ ಕಿತ್ತುಹೋಗದಂತೆ ನೆಲಕ್ಕೆ ಬಿಗಿಯುವ ಪಟ್ಟಿಗಳು, ಇವಕ್ಕೆ ಮೂರು ಸಾವಿರದ ನಾನೂರು. ಒಟ್ಟು ಹನ್ನೆರಡು ಸಾವಿರ.

ಟ್ವೈಲಾಳ ಹತ್ತಿರ ಇದ್ದದ್ದು ನಾಲ್ಕು ಸಾವಿರದ ಒಂಬೈನೂರು.

ಮನೆ ಅವಳದು, ನೆಲ ಅವಳದಲ್ಲ. ನೆಲ ಮೈದುನ ಲೈಲ್‌ನದು. ಗಂಡ ಗಾರ್ತ್ ಇದ್ದಷ್ಟು ದಿನ ಅದು ಯಾರ ನೆಲವೆಂದು ಯಾರೂ ಕೇಳಲಿಲ್ಲ, ಅವನು ಸತ್ತ ಮೇಲೂ ಲೈಲ್ ಬಾಡಿಗೆ ಕೇಳಲಿಲ್ಲ. ಆ ಏಪ್ರಿಲ್‌ನಲ್ಲಿ ಗೋದಾಮು ಕಟ್ಟುವ ಕಂಪನಿಯೊಂದು ನಮ್ಮ ಬೀದಿಯ ಆಚೆ ಬದಿಯನ್ನೆಲ್ಲ ಕೊಂಡುಕೊಂಡಿತು. ಲೈಲ್‌ನ ಎರಡೂ ಮೊಣಕಾಲು ಕೆಟ್ಟಿದ್ದವು, ದುಡಿಮೆ ನಿಂತಿತ್ತು, ಅವನೂ ಮಾರಿದ. ಅತ್ತಿಗೆಯ ಕೈಗೆ ಎರಡು ಸಾವಿರ ಕೊಟ್ಟು, "ಅಕ್ಟೋಬರ್ ಮುಗಿಯೋದ್ರೊಳಗೆ ಜಾಗ ಖಾಲಿ ಮಾಡ್ಬೇಕು ಅತ್ತಿಗೆ, ನನ್ನಿಂದ ಆಗೋದು ಇಷ್ಟೇ" ಎಂದ. ಅದು ನಿಜವೂ ಆಗಿತ್ತು. ಸಾಲ ಕೇಳಲು ಹೋದ ಕಡೆ, ನೆಲವಿಲ್ಲದ ಮನೆ ನಮ್ಮ ಲೆಕ್ಕದಲ್ಲಿ ಹಳೇ ಕಾರಿನ ಹಾಗೆ ಎಂದರು.

ನಾನು ಜೊನೆಲ್, ಅವಳ ಎದುರು ಮನೆಯವಳು. ನನ್ನ ನೆಲ ನನ್ನದೇ. ರೀನೊ ಊರೊಳಗಿನ ಒಂದು ಸಣ್ಣ ಕ್ಯಾಸಿನೊದ ಪೋಕರ್ ಕೋಣೆಯಲ್ಲಿ ಮೊದಲು ಇಸ್ಪೀಟಿನ ಎಲೆ ಹಂಚುತ್ತಿದ್ದೆ, ಈಗ ಮೇಲ್ವಿಚಾರಣೆ. ಮೇಜಿನಲ್ಲಿ ಜಗಳವೆದ್ದರೆ ಎಲೆ ಹಂಚುವವರು "ಫ್ಲೋರ್!" ಎಂದು ಕೂಗುತ್ತಾರೆ, ನಾನು ಹೋಗಿ ತೀರ್ಪು ಹೇಳುತ್ತೇನೆ. ಟ್ವೈಲಾ ಅದೇ ರಸ್ತೆಯ ಇನ್ನೊಂದು ಹೋಟೆಲಿನ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆಯ ಚಾದರಗಳನ್ನು ಬಿಸಿ ಉರುಳೆಗೆ ಕೊಡುವ ಕೆಲಸದವಳು. ಆ ಉರುಳೆ ಅವಳ ಬೆರಳಿನ ಗಂಟುಗಳನ್ನು ಊದಿಸಿತ್ತು.

ಮೇ ತಿಂಗಳ ಒಂದು ಮಧ್ಯಾಹ್ನ ಅವಳು ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಹಿಂದೆ ನೀಲಿ ದೀಪ, ತಲೆಯ ಮೇಲೆ ತಿರುಗಿಸಿದ ಟೋಪಿ, ಕಿವಿಯ ಮೇಲೆ ದೊಡ್ಡ ಹೆಡ್‌ಫೋನು. ಒಬ್ಬ ಹುಡುಗ ಗಡಗಡ ಮಾತಾಡುತ್ತಿದ್ದ.

"ಯಾರೇ ಇವನು?"

"ನಮ್ಮ ಮೇಷ್ಟ್ರು. ಪೋಕರ್ ಏನೂ ಗೊತ್ತಿಲ್ದೋರಿಗೆ ಮೊದಲಿಂದ ಕಲಿಸ್ತಾನೆ. ನಲವತ್ತು ಪಾಠ ಇದೆ. ಪುಕ್ಕಟೆ."

"ಅವನಿಗೆ ಆಟದಲ್ಲಿ ಅಷ್ಟು ದುಡ್ಡು ಬರೋದಾದ್ರೆ ಆಡ್ತಾ ಇರ್ತಿದ್ದ. ನಿಂಗ್ಯಾಕೆ ಪಾಠ ಹೇಳ್ತಿದ್ದ?"

"ನೀನು ಮೂವತ್ತು ವರ್ಷದಿಂದ ಅದೇ ಕೋಣೇಲಿದ್ದೀಯ. ನೀನು ಹೇಳಿಕೊಟ್ಟಿದ್ರೆ ನಾನ್ಯಾಕೆ ಅವನ ಹತ್ರ ಹೋಗ್ತಿದ್ದೆ?"

"ಮೂವತ್ತು ವರ್ಷದಿಂದ ನೋಡಿದೀನಿ ಅಂತಲೇ ಹೇಳ್ತಿರೋದು ಕಣೇ. ಗೆದ್ದೋರನ್ನ ಬೆರಳಲ್ಲಿ ಎಣಿಸ್ಬಹುದು. ಗೆದ್ದೋರ ಹತ್ರಾನೂ ಪ್ರತಿ ಆಟಕ್ಕೆ ನಮ್ಮ ಕೋಣೆ ತನ್ನ ಪಾಲು ಕಿತ್ಕೊಳ್ಳುತ್ತೆ. ನನ್ನ ಸಂಬಳ ಅದರಿಂದಾನೇ ಬರೋದು."

"ಸರಿ. ಲೈಲ್ ಕೊಟ್ಟಿದ್ದು ಸೇರಿಸಿದ ಮೇಲೂ ಐದು ಸಾವಿರದ ನೂರು ಕಡಿಮೆ. ಅದು ಬರೋ ಬೇರೆ ದಾರಿ ಹೇಳು, ಈ ಟೋಪಿಯವನನ್ನ ಈಗಲೇ ಬಿಡ್ತೀನಿ."



ಬೇಸಿಗೆಯುದ್ದಕ್ಕೂ ಅವಳು ಕಲಿತಳು. ಕೆಲಸದ ನಡುವಿನ ಬಿಡುವಿನಲ್ಲಿ ಚಾದರದ ಗಂಟಿನ ಮೇಲೆ ಕೂತು ಪಾಠ ನೋಡುತ್ತಿದ್ದಳು. ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಎಲೆ ಹರಡಿ, ದುಡ್ಡಿನ ಲೆಕ್ಕಕ್ಕೆ ಇಡುವ ಬಿಲ್ಲೆಗಳ ಬದಲು ಒಣ ಹುರುಳಿಕಾಯಿ ಬೀಜ ಇಟ್ಟುಕೊಂಡು ನನ್ನನ್ನು ಎದುರು ಕೂರಿಸುತ್ತಿದ್ದಳು. ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲು ಮೂರು ತೆರೆಯುತ್ತಾರೆ, ಆಮೇಲೆ ಒಂದು, ಕೊನೆಗೆ ಒಂದು. ಪ್ರತಿ ಸಲವೂ ಪಣ ಏರಿಸಬಹುದು, ಇಲ್ಲ ಎಲೆ ಎಸೆದು ಸುಮ್ಮನಾಗಬಹುದು. ಆಟ ಇಷ್ಟೇ. ಕಲಿಯಲು ಒಂದು ಗಂಟೆ ಸಾಕು. ಯಾವಾಗ ಎಸೆಯಬೇಕು ಎನ್ನುವುದಕ್ಕೆ ಉಳಿದ ಆಯುಷ್ಯ ಸಾಲದು.

ಟ್ವೈಲಾಗೆ ಎಸೆಯುವುದು ಸುಲಭವಾಗಿ ಬಂತು. ಬದುಕಿನಲ್ಲಿ ಅಭ್ಯಾಸವಾಗಿತ್ತೇನೋ. ಬರದೇ ಹೋದದ್ದು ಒಂದೇ. ಒಳ್ಳೆಯ ಎಲೆ ಬಂದಾಗ ಅವಳ ಕೈ ನಡುಗುತ್ತಿತ್ತು. ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ, ಮುಖ ಬೇಯಿಸಿದ ಆಲೂಗಡ್ಡೆಯಂತೆ ಇರುತ್ತಿತ್ತು. ಆದರೆ ಬೆರಳು ಬೀಜಗಳನ್ನು ಮುಂದೆ ತಳ್ಳುವಾಗ ಬೀಜಗಳು ಮೇಜಿನ ಮೇಲೆ ಟಕಟಕ ಸದ್ದು ಮಾಡುತ್ತಿದ್ದವು.

"ನೀನು ಗೆಲ್ತಿದೀಯ ಅಂತ ಪಕ್ಕದ ಮನೆ ನಾಯಿಗೂ ಗೊತ್ತಾಯ್ತು," ಎಂದು ನಾನು ಎಲೆ ಎಸೆಯುತ್ತಿದ್ದೆ.

"ಎದುರು ಕೂತಿರೋಳು ಕೈ ಯಾಕೆ ನೋಡ್ತೀಯ? ಮುಖ ನೋಡು!"

"ಬರ್ಲ್ ಮುಖ ನೋಡಲ್ಲ ಕಣೇ. ಅವನು ನೋಡೋದೇ ಕೈ."

ಬರ್ಲ್ ನಮ್ಮ ಕೋಣೆಯ ಹಳೆಯ ಗಿರಾಕಿ. ರೈಲ್ವೆಯಿಂದ ನಿವೃತ್ತನಾದವನು. ಅವನ ಪಿಂಚಣಿ ಹೆಂಡತಿಯ ಔಷಧಿಗೆ ಹೋಗುತ್ತಿತ್ತು, ಊಟ ಮೇಜಿನಿಂದ ಬರುತ್ತಿತ್ತು.

ಅದಕ್ಕೂ ಟೋಪಿಯವನ ಹತ್ತಿರ ಒಂದು ಪಾಠವಿತ್ತು. ಅವಳೇ ಓಡಿಸಿ ತೋರಿಸಿದಳು. ದೊಡ್ಡ ಪಣ ಇಟ್ಟ ಕೂಡಲೇ ಎರಡೂ ಕೈಯನ್ನು ಮೇಜಿನಿಂದ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳಿ, ಒಂದೇ ಕಡೆ ನೋಡಿ, ಉತ್ತರ ಬರುವವರೆಗೂ ಕಲ್ಲಾಗಿರಿ ಎಂದು ಅವನು ಹೇಳುತ್ತಿದ್ದ. ಅವಳು ಅದನ್ನು ದಿನವೂ ಅಭ್ಯಾಸ ಮಾಡಿದಳು. ಬೀಜ ತಳ್ಳುವುದು, ಕೈ ಮಡಿಲಿಗೆ, ಕಣ್ಣು ಉಪ್ಪಿನ ಡಬ್ಬಿಯ ಮೇಲೆ. ಜುಲೈ ಹೊತ್ತಿಗೆ ನನಗೂ ಅವಳ ಎಲೆ ಗೊತ್ತಾಗದಂತಾಯಿತು. ಒಂದು ಸಂಜೆ ನನ್ನ ಬೀಜವನ್ನೆಲ್ಲ ಗೆದ್ದು, ಅವನ್ನೇ ಬೇಯಿಸಿ ನನಗೆ ಬಡಿಸಿದಳು.

"ತಿನ್ನು, ನೀನೇ ಸೋತಿದ್ದು," ಎಂದಳು. ಅವಳು ಹಾಗೆ ನಕ್ಕು ಬಹಳ ಕಾಲವಾಗಿತ್ತು.

ನಮ್ಮ ಕೋಣೆಯ ಸಣ್ಣ ಮೇಜಿಗೆ ವಾರಕ್ಕೆರಡು ಸಲ ಬರತೊಡಗಿದಳು. ಒಂದಿಷ್ಟು ಡಾಲರ್ ತಂದು ಕೂರುವಳು, ಎಸೆಯುವಳು, ಎಸೆಯುವಳು, ಒಮ್ಮೆ ಆಡುವಳು. ಮೂವತ್ತು, ನಲವತ್ತು ಹೆಚ್ಚು ಮಾಡಿಕೊಂಡು ಎದ್ದುಹೋಗುವಳು. ಕೆಲವು ದಿನ ಕಡಿಮೆಯೂ ಆಗುತ್ತಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಎಲ್ಲ ಕಳೆದು ಸಾವಿರದ ನೂರು ಉಳಿಸಿದ್ದಳು. ನಾನು ಅಂದುಕೊಂಡದ್ದಕ್ಕಿಂತ ಅದು ಹೆಚ್ಚು.

ಆಡುವವರು ತಮ್ಮ ಎರಡು ಎಲೆಗಳ ಮೇಲೆ ಏನಾದರೊಂದು ಇಡುವುದು ವಾಡಿಕೆ. ಕೆಲವರು ಒಂದು ಬಿಲ್ಲೆ ಇಡುತ್ತಾರೆ, ಹಳಬರಿಗೆ ಅವರದೇ ವಸ್ತು ಇರುತ್ತದೆ. ಬರ್ಲ್‌ನದು ಚಪ್ಪಟೆ ಮಾಡಿದ ಹಳಿಯ ಮೊಳೆ. ಇನ್ನೊಬ್ಬನದು ಮೊಮ್ಮಗಳ ಅಂಗಿಯ ಗುಂಡಿ. ಅವನ್ನು ಮುಟ್ಟುತ್ತ, "ಇದು ಬಂದ ಮೇಲೇ ನಂಗೆ ಎಲೆ ಬೀಳೋದು," ಎಂದು ಹೇಳಿಕೊಳ್ಳುತ್ತಾರೆ. ಯಾಕೆ ಇಡುತ್ತಾರೆ ಎನ್ನುವ ನಿಜವಾದ ಕಾರಣ ಯಾರ ಬಾಯಲ್ಲೂ ಬರುವುದಿಲ್ಲ, ಊಟದ ಮುಂಚೆ ಕೈ ಯಾಕೆ ತೊಳೆಯುತ್ತೀರಿ ಎಂದು ಯಾರೂ ವಿವರಿಸದ ಹಾಗೆ. ಒಮ್ಮೆ ನಾನು ಮೇಜಿನ ಪಕ್ಕ ಹಾದುಹೋಗುವಾಗ, "ಎಲೆ ಮೇಲೆ ಏನಾದ್ರೂ ಇಡೇ," ಎಂದೆ. ಅವಳು ನಕ್ಕುಬಿಟ್ಟಳು.

"ತಾಯತ ಕಟ್ಕೊಂಡು ಆಡೋರು ಸೋಲ್ತಾರೆ ಅಂತ ಮೇಷ್ಟ್ರು ಹೇಳಿದಾನೆ. ನಂಗೆ ಅದೃಷ್ಟ ಬೇಡ, ಲೆಕ್ಕ ಸಾಕು."

ಬರ್ಲ್ ತನ್ನ ಮೊಳೆ ಎತ್ತಿ ಮುತ್ತು ಕೊಟ್ಟ. "ಕೇಳಿದ್ಯಾ ಮರಿ? ನೀನು ತಾಯತ ಅಂತೆ."

ಮೇಜೆಲ್ಲ ನಕ್ಕಿತು. ಮಾತು ಅಲ್ಲಿಗೇ ಹೋಯಿತು.

ಅಕ್ಟೋಬರ್ ಮೊದಲ ವಾರ ಲಾರಿಯವನು ಫೋನ್ ಮಾಡಿದ. ಹಿಮ ಬಿದ್ದರೆ ಎಳೆಯಲು ಆಗುವುದಿಲ್ಲ, ಪೂರ್ತಿ ದುಡ್ಡು ಮುಂದಿಟ್ಟರೆ ಮಾತ್ರ ದಿನ ಕೊಡುತ್ತೇನೆ ಎಂದ. ಅವಳ ಹತ್ತಿರ ಎಂಟು ಸಾವಿರವಿತ್ತು. ಇನ್ನು ನಾಲ್ಕು ಬೇಕು. ಮೂವತ್ತು ನಲವತ್ತರ ಲೆಕ್ಕದಲ್ಲಿ ಅದು ಮುಂದಿನ ವರ್ಷಕ್ಕೂ ಆಗದು.

"ದೊಡ್ಡ ಮೇಜಿಗೆ ಕೂರ್ತೀನಿ," ಎಂದಳು. "ಭಾನುವಾರ ಬೆಳಗ್ಗೆ. ಎರಡು ಸಾವಿರ ತಗೊಂಡು."

"ಬೇಡ ಕಣೇ. ಆ ಎಂಟು ಸಾವಿರಕ್ಕೆ ಊರೊಳಗೆ ಒಂದು ವರ್ಷ ಸಣ್ಣ ಕೋಣೆ ಸಿಗುತ್ತೆ. ಮನೆ ಹೋದ್ರೆ ಹೋಗ್ಲಿ."

"ಆ ಮನೇಲಿ ಗಾರ್ತ್ ಕೈಯಿಂದ ಹಾಕದೇ ಇರೋ ಮೊಳೆ ಒಂದೂ ಇಲ್ಲ. ಹೋದ್ರೆ ಹೋಗ್ಲಿ ಅಂತ ನೀನು ಹೇಳ್ಬಹುದು. ನಿನ್ನ ನೆಲ ನಿನ್ನ ಕಾಲ ಕೆಳಗೇ ಇದೆ."



ಆ ಭಾನುವಾರ ಕೋಣೆಯಲ್ಲಿ ಮೇಲ್ವಿಚಾರಣೆಗೆ ನಾನೊಬ್ಬಳೇ. ದೊಡ್ಡ ಮೇಜಿನಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ, ಎಲೆ ಹಂಚುವವಳ ಬಲಗೈಗೆ ಅಂಟಿದಂತಿರುವುದು. ಸಣ್ಣ ಮೇಜಿನಲ್ಲಿ ಟ್ವೈಲಾ ಯಾವಾಗಲೂ ದೂರದ ತುದಿಯಲ್ಲಿ ಕೂರುತ್ತಿದ್ದಳು. ಹಂಚುತ್ತಿದ್ದವಳು ಕೊರಜೋನ್. ನಮ್ಮಲ್ಲಿ ಅವಳಷ್ಟು ಚುರುಕು ಕೈ ಇನ್ನೊಂದಿಲ್ಲ. ಗಂಟೆಗೆ ಹೆಚ್ಚು ಆಟ ನಡೆದರೆ ಹೆಚ್ಚು ಬಕ್ಷೀಸು, ಆ ಬಕ್ಷೀಸಿನಲ್ಲೇ ಅವಳ ಮೂರು ಮಕ್ಕಳ ಶಾಲೆ.

ಟ್ವೈಲಾ ಚೆನ್ನಾಗಿ ಆಡಿದಳು. ನಾನು ನನ್ನ ಮೇಜಿನಿಂದ ನೋಡುತ್ತಿದ್ದೆ. ಎಸೆದಳು, ಎಸೆದಳು, ಒಂದು ಸಲ ಬರ್ಲ್‌ನಿಂದಲೇ ಆರುನೂರು ಕಿತ್ತಳು. "ಎಲ್ಲಿ ಕಲಿತ್ಯಮ್ಮಾ ಇದನ್ನ?" ಎಂದು ಬರ್ಲ್ ಕೇಳಿದ. "ಚಾದರ ಮಡಿಸ್ತಾ," ಎಂದಳು. ಹತ್ತೂವರೆಯ ಹೊತ್ತಿಗೆ ಅವಳ ಮುಂದಿನ ಎರಡು ಸಾವಿರ ಮೂರು ಸಾವಿರದ ಒಂಬೈನೂರಾಗಿತ್ತು.

ಆಮೇಲೆ ನಡೆದದ್ದನ್ನು ನಾನು ಚಾವಣಿಯ ಕ್ಯಾಮೆರಾದಲ್ಲಿ ಮತ್ತೆ ನೋಡಿದೆ, ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳಬಲ್ಲೆ.

ನಡುವಿನ ಮೊದಲ ಮೂರು ಎಲೆ ತೆರೆದಾಗ ರಾಜ, ಒಂಬತ್ತು, ನಾಲ್ಕು ಬಿದ್ದವು. ಬರ್ಲ್ ಪಣ ಇಡದೆ ಸರದಿ ಬಿಟ್ಟ. ಟ್ವೈಲಾಳ ಆಚೆ ಪಕ್ಕದ ಚರ್ಮದ ಕೋಟಿನವನು ಮುನ್ನೂರು ಇಟ್ಟ. ಟ್ವೈಲಾ ತನ್ನ ಮುಂದಿದ್ದ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ನಡುವಿಗೆ ತಳ್ಳಿದಳು. ಆಮೇಲೆ ಕಲಿತದ್ದನ್ನು ಕಲಿತ ಹಾಗೆಯೇ ಮಾಡಿದಳು. ಕೈ ಮಡಿಲಿಗೆ ಹೋಯಿತು, ಕಣ್ಣು ಮೇಜಿಗೆ ಹೊದಿಸಿದ ಬಟ್ಟೆಯ ಒಂದು ಕಲೆಯ ಮೇಲೆ ನಿಂತಿತು. ಅವಳ ಮುಂದೆ ಈಗ ಮಗುಚಿದ ಎರಡು ಎಲೆ ಬಿಟ್ಟರೆ ಏನೂ ಇರಲಿಲ್ಲ. ಒಂದು ಬಿಲ್ಲೆಯೂ ಇಲ್ಲ.

ಬರ್ಲ್ ಅವಳ ಕೈ ಹುಡುಕಿದ, ಸಿಗಲಿಲ್ಲ. ತುಂಬ ಹೊತ್ತು ಯೋಚಿಸಿ, "ಬಂದೆ," ಎಂದು ತನ್ನ ಬಿಲ್ಲೆಗಳನ್ನು ತಳ್ಳಿದ. ಈಗ ನಡುವೆ ಎಂಟು ಸಾವಿರ ದಾಟಿತ್ತು. ಕೊನೆಗೆ ಚರ್ಮದ ಕೋಟಿನವನ ಸರದಿ. ಅವನು ಬೇಸರದಿಂದ ತನ್ನ ಎಲೆ ಕೊರಜೋನ್‌ಳ ಕಡೆ ಎಸೆದ. ಅವು ಜಾರಿ ಬಂದು ಟ್ವೈಲಾಳ ಎಲೆಗಳಿಗೆ ತಾಗಿ ನಿಂತವು. ಕೊರಜೋನ್ ಕಣ್ಣನ್ನು ಬರ್ಲ್‌ನ ಬಿಲ್ಲೆಗಳ ಎಣಿಕೆಯಲ್ಲಿಟ್ಟು, ಬಲಗೈ ಚಾಚಿ ನಾಲ್ಕೂ ಎಲೆಗಳನ್ನು ಒಂದೇ ಸಲಕ್ಕೆ ಬಾಚಿ ಆಟ ಬಿಟ್ಟವರ ಸತ್ತ ಎಲೆಗಳ ರಾಶಿಗೆ ಸೇರಿಸಿದಳು. ಕೈ ಹಿಡಿದಿರದ, ಮೇಲೆ ಏನೂ ಇಟ್ಟಿರದ, ಹಿಂದೆ ಬಿಲ್ಲೆಯಿಲ್ಲದ ಎಲೆ, ಹಂಚುವವರ ಕಣ್ಣಿಗೆ ಬಿಟ್ಟುಹೋದ ಎಲೆಯೇ. ಆ ಮೊಳೆ, ಆ ಗುಂಡಿ ಎಲ್ಲ ಇರುವುದು ಇದು ಬಿಟ್ಟ ಎಲೆಯಲ್ಲ ಎಂದು ತೋರಿಸಲು.

ಟ್ವೈಲಾ ಕಲ್ಲಿನಂತೆ ಆ ಕಲೆಯನ್ನೇ ನೋಡುತ್ತಿದ್ದಳು. ಟೋಪಿಯವನು ಕಲ್ಲಾಗಿರು ಎಂದಿದ್ದನಲ್ಲ. ತಲೆಯೆತ್ತಿದಾಗ ಎಲೆ ಇರಲಿಲ್ಲ.

"ಫ್ಲೋರ್!"

ನಾನು ಹೋದೆ. ಕೊರಜೋನ್‌ಳ ಮುಖ ಬಿಳುಚಿತ್ತು.

"ಪಕ್ಕದವರ ಎಲೆ ಜೊತೆ ಬಂದ್ಬಿಡ್ತು ಅಕ್ಕಾ. ಮೇಲೆ ಏನೂ ಇರ್ಲಿಲ್ಲ. ರಾಶಿಗೆ ಸೇರಿಹೋಗಿದೆ."

"ನಂದು ಎರಡು ಒಂಬತ್ತು!" ಟ್ವೈಲಾ ಎದ್ದು ನಿಂತಿದ್ದಳು. ಈಗ ಅವಳ ಕೈ ಮೇಜಿನ ಮೇಲಿತ್ತು, ನಡುಗುತ್ತಿತ್ತು. "ಕಳಾವರ್ ಒಂದು, ಆಟೀನ್ ಒಂದು. ಅಲ್ಲೇ ಇದೆ, ಮೇಲೇ ಇರುತ್ತೆ. ತೆಗೆದು ನೋಡು ಜೊನೆಲ್."

"ಆ ರಾಶೀನ ತೆಗೆಯೋ ಹಾಗಿಲ್ಲ ಕಣೇ."

"ನಾನು ಎಸೆದಿಲ್ಲ! ಎಲ್ಲಾರೂ ನೋಡಿದಾರೆ. ರೀ, ನೀವು ನೋಡಿದ್ರಲ್ವಾ?"

ಚರ್ಮದ ಕೋಟಿನವನು, "ನೋಡಿದೆನಮ್ಮಾ, ನೀವು ಎಸೀಲಿಲ್ಲ," ಎಂದು ಕಾಫಿ ಲೋಟದೊಳಗೆ ನೋಡಿದ.

ನಡುವೆ ಒಂಬತ್ತು ಬಿದ್ದಿತ್ತು. ಅವಳು ಹೇಳಿದ್ದು ನಿಜವಾದರೆ ಅವಳಿಗೆ ಮೂರು ಒಂಬತ್ತು. ಬರ್ಲ್ ತನ್ನ ಎಲೆ ತಿರುಗಿಸಿ ತೋರಿಸಿದ, ಎಕ್ಕ ಮತ್ತು ರಾಜ. ಬರೀ ರಾಜನ ಜೋಡಿ. ಮೂರು ಒಂಬತ್ತು ಅದನ್ನು ಹೊಡೆದು ಹಾಕುತ್ತದೆ. ಅವಳು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತಿತ್ತು, ಆ ಕೈ ನಡುಗುವುದನ್ನು ನಾನು ಬೇಸಿಗೆಯೆಲ್ಲ ನೋಡಿದ್ದೆ.

ಆದರೆ ಸತ್ತ ರಾಶಿಗೆ ಒಮ್ಮೆ ಕೈ ಹಾಕಿದರೆ, ನಾಳೆ ಸೋತವರೆಲ್ಲ ನನ್ನ ಗೆಲ್ಲುವ ಎಲೆ ಅದರೊಳಗಿದೆ ಎನ್ನುತ್ತಾರೆ. ತನ್ನ ಎಲೆ ಕಾಯುವುದು ಆಡುವವರ ಕೆಲಸ. ಹಂಚುವವರ ಕೈ ತಪ್ಪಿದರೂ ಎಲೆ ಹೋದದ್ದು ಹೋದದ್ದೇ. ಬರ್ಲ್ ಒಪ್ಪಿ ಬಿಲ್ಲೆ ಇಡುವ ಮುಂಚೆ ಹೋಗಿದ್ದರೆ ಅವಳು ಮುಂದಿಟ್ಟದ್ದನ್ನು ವಾಪಸು ಕೊಡಿಸಬಹುದಿತ್ತು. ಅವನು ಇಟ್ಟಾಗಿತ್ತು.

"ಎಲೆ ಸತ್ತಿದೆ," ಎಂದೆ. "ನಡುವಿನದು ಬರ್ಲ್ ಅವರದು."

ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಟ್ವೈಲಾ ನನ್ನನ್ನು ನೋಡಿದಳು. ಅಡುಗೆಮನೆಯಲ್ಲಿ ಎದುರು ಕೂತವಳು ಇವಳೇನಾ ಎಂದು ಗುರುತು ಹಿಡಿಯುತ್ತಿರುವಂತೆ. ಆಮೇಲೆ ಮೆಲ್ಲಗೆ, "ಇನ್ನೂ ಎರಡು ಎಲೆ ಬೀಳ್ಬೇಕಿತ್ತು," ಎಂದಳು. ಯಾರಿಗೆ ಹೇಳಿದಳೋ.

"ರೂಲ್ಸ್ ಮಾಡಿದ್ದು ನಾನಲ್ಲ ತಾಯಿ," ಎಂದ ಬರ್ಲ್. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಮೇಜಿನಲ್ಲಿ ಒಬ್ಬರ ಬಿಲ್ಲೆ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ. ಕೊಡುವ ಹಾಗಿದ್ದರೂ ಕೊಡುತ್ತಿದ್ದನೋ ಇಲ್ಲವೋ. ಅವನ ಮನೆಯಲ್ಲೂ ಔಷಧಿ ಮುಗಿಯುತ್ತದೆ. ಅವನು ಬಿಲ್ಲೆಗಳನ್ನು ಎಳೆದುಕೊಂಡು, ಗೆದ್ದವರು ಮಾಡುವ ಹಾಗೆ ಒಂದನ್ನು ಕೊರಜೋನ್‌ಗೆ ಬಕ್ಷೀಸೆಂದು ಎಸೆದ. ಕೊರಜೋನ್ ಅದನ್ನು ಬಿಲ್ಲೆ ಜೋಡಿಸಿಟ್ಟ ತಟ್ಟೆಯ ಅಂಚಿಗೆ ಟಕ್ಕೆಂದು ಬಡಿದು, "ಥ್ಯಾಂಕ್ಯೂ" ಎಂದಳು. ಹಾಗೆ ಬಡಿಯಲೇಬೇಕು, ಚಾವಣಿಯ ಕ್ಯಾಮೆರಾಕ್ಕೆ ಕಾಣಿಸಬೇಕು. ಬಡಿದ ಮೇಲೆ ಬೇರೆಯವರನ್ನು ಕೂರಿಸಲು ಹೇಳಿ ಒಳಗೆ ಹೋದಳು.

ನನ್ನ ಊಟದ ಬಿಡುವಿನಲ್ಲಿ ಟ್ವೈಲಾ ಹಿಂಬದಿಯ ವಾಹನ ನಿಲ್ದಾಣದಲ್ಲಿ ನನ್ನ ಕಾರಿನ ಪಕ್ಕ ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡೆ.

"ಮೇಷ್ಟ್ರು ಇದನ್ನ ಹೇಳಲೇ ಇಲ್ಲ ಕಣೇ," ಎಂದಳು. "ನಲವತ್ತೂ ಪಾಠ ನೋಡಿದೀನಿ. ಕೆಲವನ್ನ ಎರಡೆರಡು ಸಲ."

"ಅವನು ಆಡೋದು ಫೋನಲ್ಲಿ. ಅಲ್ಲಿ ಎಲೆ ನಿನ್ನ ಹೆಸರಿನ ಕೆಳಗೆ ಅಂಟಿಕೊಂಡೇ ಇರುತ್ತೆ. ಬಾಚಿಕೊಳ್ಳೋಕೆ ಅಲ್ಲಿ ಯಾರ ಕೈಯೂ ಇಲ್ಲ."

"ನಾನು ಗೆಲ್ತಿದ್ನಾ?"

"ನೂರರಲ್ಲಿ ತೊಂಬತ್ತೇಳು ಸಲ."

"ಉಳಿದ ಮೂರರಲ್ಲಿ ಇದೂ ಒಂದಾಗ್ತಿತ್ತೇನೋ."

"ಆಗ್ತಿತ್ತೇನೋ. ಬಾ, ಏನಾದ್ರೂ ತಿನ್ನೋಣ."

"ಹಸಿವಿಲ್ಲ. ಮನೆಗೆ ಬಿಡ್ತೀಯಾ?" ಎಂದವಳು, ಆ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ಕಾರಿನ ಬಾಗಿಲಿನಿಂದ ಕೈ ತೆಗೆದಳು. "ಬಸ್ಸಲ್ಲೇ ಹೋಗ್ತೀನಿ ಬಿಡು. ನಿನ್ನ ಬಿಡುವು ಮುಗಿಯುತ್ತೆ."

ಲಾರಿಯವನಿಗೆ ಅವಳೇ ಫೋನ್ ಮಾಡಿ ಬೇಡವೆಂದಳು. ಅಷ್ಟು ಹಳೆಯ ಮನೆಯನ್ನು ಕೊಳ್ಳುವವರು ಯಾರೂ ಸಿಗಲಿಲ್ಲ. ಅಕ್ಟೋಬರ್ ಕೊನೆಗೆ ಮನೆ ಕೆಡವುವ ಯಂತ್ರದವರು ಬಂದರು. ಅರ್ಧ ದಿನವೂ ಬೇಕಾಗಲಿಲ್ಲ. ಗೋಡೆಯ ತಗಡು ಒಂದು ಗಾಡಿಗೆ, ಮರ ಇನ್ನೊಂದು ಗಾಡಿಗೆ. ಟ್ವೈಲಾ ಆ ದಿನ ರಜೆ ಹಾಕಲಿಲ್ಲ, ಚಾದರಕ್ಕೆ ಹೋದಳು. ನಾನು ನನ್ನ ಮೆಟ್ಟಿಲಲ್ಲಿ ಕೂತು ನೋಡಿದೆ, ಯಾರಾದರೊಬ್ಬರು ನೋಡಲಿ ಎಂದು. ಮನೆ ಅವಳದಾದ್ದರಿಂದ ಕೆಡವುವ ಖರ್ಚೂ ಅವಳದೇ, ಎರಡು ಸಾವಿರ. ಲೈಲ್ ಕೊಟ್ಟಿದ್ದನ್ನೇ ಅವಳು ಯಂತ್ರದವರಿಗೆ ಕೊಟ್ಟಳು.

ಈಗ ಅವಳು ಊರೊಳಗೆ ವಾರದ ಬಾಡಿಗೆಯ ಮೋಟೆಲಿನಲ್ಲಿದ್ದಾಳೆ. ನನ್ನ ಮನೆಯಲ್ಲಿ ಇರು ಎಂದರೆ, ಎದುರಿಗೆ ಗೋದಾಮು ಏಳುವುದನ್ನು ನೋಡುತ್ತ ಕೂರಲಾರೆ ಎಂದಳು.

ಏಪ್ರಿಲ್‌ನಲ್ಲಿ ಟ್ವೈಲಾಳ ಬಳಿ ನಾಲ್ಕು ಸಾವಿರದ ಒಂಬೈನೂರು ಡಾಲರ್ ಮತ್ತು ಒಂದು ಮನೆ ಇತ್ತು. ನವೆಂಬರ್‌ನಲ್ಲಿ ನಾಲ್ಕು ಸಾವಿರ ಡಾಲರ್ ಇತ್ತು, ಮನೆ ಇರಲಿಲ್ಲ. ಬೇಸಿಗೆಯ ಗೆಲುವನ್ನು ತೆಗೆದರೆ ಪೋಕರ್‌ನಲ್ಲಿ ಅವಳು ಕಳೆದುಕೊಂಡದ್ದು ಒಂಬೈನೂರು. ಒಂದು ಎಲೆಯನ್ನೂ ಮುಟ್ಟದೆ ಸುಮ್ಮನಿದ್ದಿದ್ದರೂ ಮನೆ ಹೋಗುತ್ತಿತ್ತು.